ಮೂರು ಕಣ್ಣಿನ ಕಾಯಿ, ಒಂದೇ ಮೊಳಕೆ

ತೆಂಗಿನಕಾಯಿಯ ಜುಟ್ಟು ಕಿತ್ತರೆ ಮೂರು ಕಣ್ಣು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹುಟ್ಟಿದ ಮಗುವಿಗೆ ಇದನ್ನು ಯಾರೂ ಪಾಠ ಹೇಳಬೇಕಾಗಿಲ್ಲ. ಯಾವ ಕಣ್ಣಿಗೆ ಮೊಳೆ ಚುಚ್ಚಿದರೆ ಸಲೀಸಾಗಿ ಇಳಿದು ನೀರು ಬರುತ್ತದೆ ಎಂಬುದೂ ಅದಕ್ಕೆ ಗೊತ್ತು. ಒಂದು ಕಣ್ಣು ಮೆತ್ತಗೆ. ಇನ್ನೆರಡು ಕರಟದಷ್ಟೇ ಗಟ್ಟಿ. ಮುಕ್ಕಣ್ಣನಿಗೆ ಒಡೆಯುವ ಕಾಯಿಗೂ ಮೂರು ಕಣ್ಣು ಎಂದು ಹೇಳಿ ಹಿರಿಯರು ಅಲ್ಲಿಗೆ ಮಾತು ಮುಗಿಸುತ್ತಾರೆ.

ನನಗೆ ಮಾತು ಶುರುವಾಗುವುದೇ ಅಲ್ಲಿಂದ. ನೀರು ಕುಡಿಯಲು ನಾವು ಚುಚ್ಚುವ ಆ ಮೆತ್ತನೆಯ ಕಣ್ಣೇ ಸಸಿ ಹೊರಬರುವ ಬಾಗಿಲು. ಮೊಳಕೆ ಬರುವುದು ಅದೊಂದರಿಂದಲೇ. ಹಾಗಿದ್ದರೆ ಮುಚ್ಚಿದ ಎರಡು ಕಣ್ಣು ಏಕಿವೆ? ಎಂದೂ ತೆರೆಯದ ಬಾಗಿಲನ್ನು ಯಾವ ಗಾರೆಯವನೂ ಗೋಡೆಗೆ ಕೂರಿಸುವುದಿಲ್ಲ. ಆ ಎರಡು ಬಾಗಿಲುಗಳ ಕಥೆ ಈ ಅಧ್ಯಾಯ. ಅದನ್ನು ಬಿಡಿಸಿ ತೋರಿಸುವ ವಿಜ್ಞಾನದ ಒಂದು ದೊಡ್ಡ ಪಾಲು ನಮ್ಮ ಬಳಿಯೇ ಬೆಳೆಯಿತು. ತಿಪಟೂರಿನಲ್ಲಿ ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟಬಹುದಾದ ಬೆಂಗಳೂರಿನ ಜಿಕೆವಿಕೆಯಲ್ಲಿ, ಅಂದರೆ ಅಲ್ಲಿನ ಕೃಷಿ ವಿಶ್ವವಿದ್ಯಾನಿಲಯದ ಕ್ಯಾಂಪಸ್ಸಿನಲ್ಲಿ.

ಕರಟದ ಮೇಲಿನ ಮೂರು ಏಣು

ಸುಲಿದ ಕಾಯಿಯ ನಾರನ್ನು ಪೂರ್ತಿ ಹೆರೆದು ಕೈಯಲ್ಲಿ ಹಿಡಿಯಿರಿ. ಕಣ್ಣುಗಳ ನಡುವಿನಿಂದ ಹೊರಟು ಆಚೆ ತುದಿಯ ಕಡೆ ಸಾಗುವ ಮೂರು ಏಣುಗಳು ಬೆರಳಿಗೆ ಸಿಗುತ್ತವೆ. ಅವು ಕರಟವನ್ನು ಮೂರು ಪಾಲು ಮಾಡುತ್ತವೆ, ಪಾಲಿಗೊಂದು ಕಣ್ಣು. ಆದರೆ ಪಾಲುಗಳು ಸಮವಾಗಿಲ್ಲ. ಸಾಮಾನ್ಯವಾಗಿ ಎಲ್ಲಕ್ಕಿಂತ ಅಗಲವಾದ ಪಾಲಿನಲ್ಲೇ ಮೆತ್ತನೆಯ ಕಣ್ಣು ಇರುತ್ತದೆ. ಮನೆಯಲ್ಲಿ ನಾಲ್ಕಾರು ಕಾಯಿ ಮುಂದಿಟ್ಟುಕೊಂಡು ಅಗಲ ನೋಡಿ ಕಣ್ಣು ಊಹಿಸುವ ಆಟ ಆಡಬಹುದು. ಮಕ್ಕಳು ಬೇಗ ಕಲಿಯುತ್ತಾರೆ.

ಆ ಏಣುಗಳು ಹೊಲಿಗೆಯ ಗುರುತು. ಹೊಂಬಾಳೆ ಒಡೆದಾಗ ಕಾಣುವ ಗುಂಡನೆಯ ಹೆಣ್ಣು ಹೂವಿನೊಳಗೆ ಮೂರು ಕೋಣೆಗಳಿರುತ್ತವೆ. ಕೋಣೆಗೊಂದರಂತೆ ಮೂರು ಅಂಡಕಗಳು. ಮುಂದೆ ಬೀಜವಾಗಬಲ್ಲ ಈ ಪುಟ್ಟ ಕಣವನ್ನು ನಾವು ಬೀಜದ ಮೊಗ್ಗು ಎಂದು ಕರೆಯೋಣ. ಹೂವು ಕಾಯಾಗುವ ದಾರಿಯಲ್ಲಿ ಮೂರು ಮೊಗ್ಗುಗಳಲ್ಲಿ ಎರಡು ಕಮರುತ್ತವೆ. ಉಳಿದ ಒಂದೇ ಇಡೀ ಮನೆಯನ್ನು ತುಂಬುತ್ತದೆ. ಮೂರೂ ಕೋಣೆಗಳ ಗೋಡೆ ಬೆಸೆದು ಒಂದೇ ಕರಟವಾಗುತ್ತದೆ. ಉಳಿದವನ ಕಣ್ಣು ಮೆತ್ತಗಿರುತ್ತದೆ, ಭ್ರೂಣ ಅದರ ಬುಡದಲ್ಲೇ ಕಾಯುತ್ತಾ ಕೂತಿರುತ್ತದೆ. ಗಟ್ಟಿಯಾದ ಎರಡು ಕಣ್ಣುಗಳು ಹುಟ್ಟದೇ ಹೋದ ಇಬ್ಬರು ಒಡಹುಟ್ಟಿದವರ ಬಾಗಿಲುಗಳು.

ಒಗಟಿನ ಅರ್ಧ ಬಿಡಿಸಿದಂತಾಯಿತು. ಇನ್ನರ್ಧ ಹೆಚ್ಚು ಕಷ್ಟದ್ದು. ಮೂರು ಮಾಡಿ ಎರಡನ್ನು ಕಳೆದುಕೊಳ್ಳುವುದು ಏಕೆ? ಕಳೆಯಬೇಕೆಂದು ತೀರ್ಮಾನಿಸುವವರು ಯಾರು?

ನೆಂಟರ ಮನೆಗಳಲ್ಲಿ

ಬೇಸಿಗೆಯಲ್ಲಿ ರಸ್ತೆಬದಿ ಮಾರುವ ತಾಟಿನಿಂಗು ನೆನಪಿಸಿಕೊಳ್ಳಿ. ತಾಳೆಮರವೂ ತೆಂಗಿನ ಕುಲದ್ದೇ. ಅದರ ಕಾಯಿ ಕೊಯ್ದರೆ ಸಾಮಾನ್ಯವಾಗಿ ಮೂರು ತಿರುಳು ಸಿಗುತ್ತವೆ, ಒಂದೊಂದೂ ತನ್ನದೇ ಗೂಡಿನಲ್ಲಿ. ಅಲ್ಲಿ ಮೂವರೂ ಬದುಕುತ್ತಾರೆ. ಮೂರು ಕೋಣೆಯ ಹೂವು ಇದ್ದಮಾತ್ರಕ್ಕೆ ಒಂದೇ ಬೀಜ ಆಗಬೇಕೆಂಬ ಕಟ್ಟಳೆ ಇಲ್ಲ ಎಂದಾಯಿತು.

ಈಗ ತೋಟದ ಬದುವಿಗೆ ಬನ್ನಿ. ಅಲ್ಲಿ ಹೊಂಗೆ ನಿಂತಿದೆ. ಅದರ ಹೂವಿನಲ್ಲಿ ಬೀಜದ ಮೊಗ್ಗುಗಳು ಎರಡು. ಉದುರಿದ ಹೊಂಗೆಕಾಯಿ ಒಡೆದರೆ ಹೆಚ್ಚಾಗಿ ಸಿಗುವುದು ಒಂದೇ ಬೀಜ. ಕೆರೆ ಏರಿಯ ನೇರಳೆ ಇನ್ನೂ ಬೆರಗಿನದು. ಅದರ ಹೂವಿನ ಅಂಡಾಶಯದಲ್ಲಿ 25ರಿಂದ 30 ಮೊಗ್ಗುಗಳಿರುತ್ತವೆ. ನಾವು ತಿಂದು ಉಗುಳುವುದು ಒಂದು ಬೀಜ. ಮೂವತ್ತು ಜನಕ್ಕೆ ಎಲೆ ಹಾಕಿ ಒಬ್ಬನಿಗೆ ಬಡಿಸಿದ ಹಾಗೆ.

ಹೂವಿಗೆ ಪರಾಗ ಸಿಕ್ಕಿರಲಿಲ್ಲವೇನೋ, ಮರಕ್ಕೆ ನೀರು ಗೊಬ್ಬರ ಸಾಲದೇನೋ ಎಂದು ಹಿಂದಿನವರು ಸಮಾಧಾನ ಮಾಡಿಕೊಂಡಿದ್ದರು. ಕೊರತೆಯೇ ಕಾರಣವಾಗಿದ್ದರೆ ಒಳ್ಳೆಯ ಮಳೆಗಾಲದಲ್ಲಿ ನೇರಳೆಹಣ್ಣಿನೊಳಗೆ ಹತ್ತು ಬೀಜ ಸಿಗಬೇಕಿತ್ತು. ಸಿಗುವುದಿಲ್ಲ.

ಜಿಕೆವಿಕೆಯ ಇಬ್ಬರು

ಕೆ.ಎನ್. ಗಣೇಶಯ್ಯ ಎಂದರೆ ಹೆಚ್ಚಿನ ಕನ್ನಡ ಓದುಗರಿಗೆ ‘ಕನಕ ಮುಸುಕು’, ‘ಕರಿಸಿರಿಯಾನ’ ಬರೆದ ಕಾದಂಬರಿಕಾರರು. ಅವರ ದಿನದ ಕೆಲಸ ಬೇರೆ. 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಅರಣ್ಯ ಮತ್ತು ಪರಿಸರ ವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು ಅವರು. ಅದೇ ವಿಶ್ವವಿದ್ಯಾನಿಲಯದ ಬೆಳೆ ಶರೀರಕ್ರಿಯಾ ವಿಭಾಗದಲ್ಲಿದ್ದವರು ಆರ್. ಉಮಾಶಂಕರ್. 1980ರ ದಶಕದಿಂದ ಈ ಇಬ್ಬರ ಹೆಸರುಗಳು ಸಸ್ಯವಿಜ್ಞಾನದ ಪತ್ರಿಕೆಗಳಲ್ಲಿ ಜೋಡೆತ್ತಿನಂತೆ ಒಟ್ಟೊಟ್ಟಿಗೆ ಕಾಣಿಸತೊಡಗಿದವು.

ಅವರು ಹಿಡಿದ ಪ್ರಶ್ನೆ ಸರಳವಾಗಿತ್ತು: ಒಂದು ಕಾಯೊಳಗೆ ಇಷ್ಟೇ ಬೀಜ ಎಂದು ಯಾರು ಎಣಿಸುತ್ತಾರೆ? ಅದಕ್ಕೆ ಬೇಕಾದ ಮರಗಳು ಕ್ಯಾಂಪಸ್ಸಿನಲ್ಲಿ, ರಸ್ತೆಬದಿಯಲ್ಲಿ, ಹೊಲದ ಅಂಚಿನಲ್ಲಿ ಇದ್ದವು. ಹೊಂಗೆ, ನೇರಳೆ, ಸುಬಾಬುಲ್, ಸಿಸ್ಸೂ. ನಮ್ಮ ಬೀಟೆಮರದ ಹತ್ತಿರದ ನೆಂಟ ಈ ಸಿಸ್ಸೂ. ಕೋಟಿ ಬೆಲೆಯ ಯಂತ್ರಕ್ಕಿಂತ ಮೊದಲು ಅವರಿಗೆ ಬೇಕಾಗಿದ್ದದ್ದು ಸಾವಿರಾರು ಕಾಯಿ ಬಿಡಿಸಿ ಎಣಿಸುವ ತಾಳ್ಮೆ. 1988ರಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್‌ನಲ್ಲಿದ್ದ ಸಸ್ಯವಿಜ್ಞಾನಿ ಕಮಲ್‌ಜಿತ್ ಬಾವಾ ಅವರೊಡನೆ ಸೇರಿ ಇಬ್ಬರೂ ಒಂದು ದೀರ್ಘ ಪರಾಮರ್ಶೆ ಪ್ರಕಟಿಸಿದರು. ಬಾವಾ ಮುಂದೆ 1996ರಲ್ಲಿ ಬೆಂಗಳೂರಿನಲ್ಲಿ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ ಕಟ್ಟಿದವರು. ಸಸ್ಯಗಳಲ್ಲೂ ತಾಯಿ ಮತ್ತು ಮಕ್ಕಳ ನಡುವೆ ಹಿತಾಸಕ್ತಿಯ ಜಗ್ಗಾಟವಿದೆ, ಒಡಹುಟ್ಟಿದ ಬೀಜಗಳ ನಡುವೆ ಪೈಪೋಟಿಯಿದೆ, ಕಾಯೊಳಗಿನ ಬೀಜದ ಸಂಖ್ಯೆಯನ್ನು ತಿದ್ದುವುದು ಅದೇ ಎಂಬುದು ಆ ಪರಾಮರ್ಶೆಯ ತಿರುಳು.

ಹದಿನಾರಾಣೆ, ಎಂಟಾಣೆ, ನಾಲ್ಕಾಣೆ

ಪ್ರಾಣಿಲೋಕದಲ್ಲಿ ಈ ಮಾತು ಆಗಲೇ ಬೇರು ಬಿಟ್ಟಿತ್ತು. ಬ್ರಿಟನ್ನಿನ ಡಬ್ಲ್ಯು.ಡಿ. ಹ್ಯಾಮಿಲ್ಟನ್ 1964ರಲ್ಲಿ ರಕ್ತಸಂಬಂಧದ ಲೆಕ್ಕ ಹಾಕಿ ತೋರಿಸಿದರು. ಅಮೆರಿಕದ ರಾಬರ್ಟ್ ಟ್ರಿವರ್ಸ್ 1974ರಲ್ಲಿ ಅದನ್ನು ತಾಯಿ ಮಕ್ಕಳ ಸಂಬಂಧಕ್ಕೆ ಹಚ್ಚಿದರು. ಆ ಲೆಕ್ಕವನ್ನು ನಮ್ಮ ಹಳೆಯ ಆಣೆಗಳಲ್ಲಿ ಹೇಳಬಹುದು.

ಒಂದು ಬೀಜಕ್ಕೆ ತನ್ನ ವಂಶವಾಹಿಗಳು ಹದಿನಾರಾಣೆ ತನ್ನವೇ. ಅದೇ ತಾಯಿ, ಅದೇ ತಂದೆಯ ಇನ್ನೊಂದು ಬೀಜದಲ್ಲಿ ಅದರ ಪಾಲು ಸರಾಸರಿ ಎಂಟಾಣೆ. ಪರಾಗ ಬೇರೆ ಮರದ್ದಾಗಿದ್ದರೆ, ಅಂದರೆ ತಂದೆ ಬೇರೆಯಾದರೆ, ನಾಲ್ಕಾಣೆ. ತಾಯಿ ಮರದ ಖಾತೆ ಹಾಗಿಲ್ಲ. ಅದಕ್ಕೆ ಪ್ರತಿ ಬೀಜದಲ್ಲೂ ಸಮಪಾಲು, ಎಂಟೆಂಟಾಣೆ.

ಈಗ ಒಂದು ಮುಷ್ಟಿ ಸಕ್ಕರೆ ಇದೆ ಎನ್ನಿ. ತಾಯಿ ಅದನ್ನು ಹೆಚ್ಚು ಮಕ್ಕಳು ಬದುಕುವ ಹಾಗೆ ಹಂಚಲು ನೋಡುತ್ತದೆ. ಒಳಗಿರುವ ಬೀಜ ತನಗೆ ಹೆಚ್ಚು ಎಳೆದುಕೊಳ್ಳಲು ನೋಡುತ್ತದೆ. ಮರಕ್ಕೆ ಮನಸ್ಸಿಲ್ಲ, ಬೀಜಕ್ಕೆ ದುರಾಸೆಯಿಲ್ಲ. ಹೆಚ್ಚು ಎಳೆದುಕೊಂಡ ಬೀಜಗಳ ಸಂತತಿ ಉಳಿದು, ಎಳೆದುಕೊಳ್ಳದವುಗಳದ್ದು ಅಳಿಯುತ್ತಾ ಬಂದದ್ದರಿಂದ ಆ ಗುಣ ನಿಂತಿದೆ, ಅಷ್ಟೆ. ಬೆಳ್ಳಕ್ಕಿಯ ಗೂಡಿನಲ್ಲಿ ಮೊದಲು ಹುಟ್ಟಿದ ಮರಿಗಳು ಕಿರಿಯದನ್ನು ಕುಕ್ಕಿ ಹಸಿವಿನಲ್ಲಿಡುವುದನ್ನು ಪಕ್ಷಿತಜ್ಞರು ದಾಖಲಿಸಿದ್ದಾರೆ. ಕಾಲಿಲ್ಲದ, ಕೊಕ್ಕಿಲ್ಲದ ಬೀಜ ತನ್ನ ಒಡಹುಟ್ಟಿದವರನ್ನು ಹೇಗೆ ಹಿಂದಿಕ್ಕೀತು?

ಸಿಸ್ಸೂವಿನ ರಸ, ಹೊಂಗೆಯ ಸಕ್ಕರೆ

ಉತ್ತರ ಮೊದಲು ಸಿಕ್ಕಿದ್ದು ಸಿಸ್ಸೂ ಮರದಲ್ಲಿ. ಅದರ ಚಪ್ಪಟೆ ಕಾಯಿಯೊಳಗೆ ನಾಲ್ಕೈದು ಮೊಗ್ಗುಗಳಿದ್ದರೂ ಬಲಿಯುವುದು ಒಂದೋ ಎರಡೋ. ಗೆಲ್ಲುವುದು ಹೆಚ್ಚಾಗಿ ಕಾಯಿಯ ತುದಿಯ ಕಡೆ ಇರುವ ಮೊಗ್ಗು. ಪರಾಗ ಒಳಬರುವ ಬಾಗಿಲು ಆ ಕಡೆಗಿದೆ. ಅದಕ್ಕೆ ಮೊದಲು ಗರ್ಭ ಕಟ್ಟುತ್ತದೆ. ಬಲಿಯುತ್ತಿದ್ದ ಆ ಬೀಜಗಳ ರಸ ತೆಗೆದು ಎಳೆಯ ಕಾಯಿಗಳ ಮೇಲೆ ಪ್ರಯೋಗಿಸಿದಾಗ ಒಳಗಿನ ಬೀಜಗಳು ಕಮರಿದವು. ಮೊದಲು ಎದ್ದವನು ಒಂದು ರಾಸಾಯನಿಕ ಬಿಟ್ಟು ಮಿಕ್ಕವರನ್ನು ನಿಲ್ಲಿಸುತ್ತಾನೆ ಎಂದು ಗಣೇಶಯ್ಯ, ಉಮಾಶಂಕರ್ 1988ರಲ್ಲಿ ಬರೆದರು. ಸಿಸ್ಸೂ ಕಾಯಿ ಗಾಳಿಯಲ್ಲಿ ತೇಲಿ ಹೋಗುವಂಥದ್ದು. ಒಬ್ಬನೇ ಕೂತ ಕಾಯಿ ಹಗುರ, ಹಗುರವಾದದ್ದು ದೂರ ಹೋಗುತ್ತದೆ. ಗೆದ್ದ ಬೀಜಕ್ಕೆ ಇದು ಲಾಭ. ಐದು ಬೀಜಕ್ಕಾಗುವಷ್ಟು ಸಿಪ್ಪೆಯನ್ನು ಒಂದಕ್ಕೆ ಖರ್ಚು ಮಾಡಿದ ತಾಯಿಗೆ ನಷ್ಟ.

ನೇರಳೆಯಲ್ಲೂ ರಾಸಾಯನಿಕದ ಕೈವಾಡ ಕಂಡಿತು. ಹೊಂಗೆಯ ಸರದಿ ಬಂದಾಗ ಕಥೆ ಬೇರೆಯಾಯಿತು. ಒಂದು ಬೀಜದ ರಸ ಇನ್ನೊಂದನ್ನು ಕೊಲ್ಲಲಿಲ್ಲ. ಅದೇ ಬಳಗದವರು ಗುರುತು ಹಾಕಿದ ಸಕ್ಕರೆ ಕೊಟ್ಟು, ಅದು ಯಾವ ಬೀಜಕ್ಕೆ ಎಷ್ಟು ಹೋಗುತ್ತದೆ ಎಂದು ಹಿಂಬಾಲಿಸಿದರು. ಅಲ್ಲಿ ಕಂಡದ್ದು ನೇರ ಪೈಪೋಟಿ. ಒಂದು ಹೆಚ್ಚು ಹೀರಿದಂತೆ ಇನ್ನೊಂದು ಬರಿಗೈಯಾಗುತ್ತಿತ್ತು. ಈ ವರದಿ ಬಂದದ್ದು 1999ರಲ್ಲಿ. ಒಂದು ಮರದಲ್ಲಿ ಸಿಕ್ಕ ಉತ್ತರವನ್ನು ಎಲ್ಲ ಮರಕ್ಕೂ ಅಂಟಿಸದೆ, ಪಕ್ಕದ ಮರವನ್ನು ಮತ್ತೆ ಮೊದಲಿನಿಂದ ಕೇಳಿದ ಆ ಪ್ರಾಮಾಣಿಕತೆ ನನಗೆ ಅವರ ಶೋಧದಷ್ಟೇ ಅಮೂಲ್ಯವಾಗಿ ಕಾಣುತ್ತದೆ.

ಸೀಟು ತುಂಬದೆ ಹೊರಡದ ಗಾಡಿ

ತಾಯಿ ಸುಮ್ಮನೆ ಸೋಲುವುದಿಲ್ಲ. ತಾಯಿಯ ಪಟ್ಟನ್ನು ತೋರಿಸಿಕೊಟ್ಟದ್ದು ನಾವು ಮೇವಿಗೆಂದು ಬದುವಿನಲ್ಲಿ ಬೆಳೆಸುವ ಸುಬಾಬುಲ್.

ಸುಬಾಬುಲ್ ಕಾಯಿಯಲ್ಲಿ ಬೀಜ ಸಾಲುಸಾಲಾಗಿ ತುಂಬಿರುತ್ತವೆ. ಒಂದೆರಡೇ ಬೀಜದ ಕಾಯಿ ಅಪರೂಪ. ಇದರ ಗುಟ್ಟು ಹೂವಿನ ಶಲಾಕಾಗ್ರದಲ್ಲಿದೆ. ಪರಾಗ ಬಂದು ಕೂರುವ ಆ ತುದಿಯನ್ನು ಹೂವಿನ ಹೊಸ್ತಿಲು ಎನ್ನೋಣ. ಆ ಹೊಸ್ತಿಲಿನಲ್ಲಿ ಪರಾಗ ಮೊಳೆಯದಂತೆ ತಡೆಯುವ ಒಂದು ಪ್ರೋಟೀನ್ ಇದೆ. ಅದು ಕೆಲಸ ಮಾಡುವುದು ಹೊಸ್ತಿಲಿನ ಸಹಜ ಹುಳಿಯಲ್ಲಿ. ಹತ್ತು ಪರಾಗ ಬಂದು ಕೂತರೂ ಏನೂ ಆಗುವುದಿಲ್ಲ. 20–25 ದಾಟಿದರೆ ಅವೆಲ್ಲ ಸೇರಿ ಆ ಹುಳಿಯನ್ನು ತಗ್ಗಿಸುತ್ತವೆ, ತಡೆ ಸಡಿಲವಾಗುತ್ತದೆ, ಪರಾಗಗಳು ಒಟ್ಟಿಗೆ ಮೊಳೆಯುತ್ತವೆ. 1986ರಲ್ಲಿ ಈ ಇಬ್ಬರು ತಮ್ಮ ಸಹೋದ್ಯೋಗಿಯೊಬ್ಬರೊಂದಿಗೆ ಪ್ರಕಟಿಸಿದ ಕೆಲಸ ಇದು.

ತುರುವೇಕೆರೆಯಿಂದ ತಿಪಟೂರಿಗೆ ಹೊರಡುವ ಟೆಂಪೋ ನೆನೆಯಿರಿ. ನಾಲ್ಕು ಜನ ಹತ್ತಿ ಕೂತರೆ ಡ್ರೈವರ್ ಗಾಡಿ ತೆಗೆಯುವುದಿಲ್ಲ. ಡೀಸೆಲ್ ಖರ್ಚು ನಾಲ್ವರಿಗೂ ಅಷ್ಟೇ, ನಲವತ್ತು ಜನಕ್ಕೂ ಅಷ್ಟೇ. ಸುಬಾಬುಲ್ ಹೂವೂ ಸೀಟು ತುಂಬಿದ ಮೇಲೆಯೇ ಕಾಯಿ ಕಟ್ಟುತ್ತದೆ. ಪರಾಗ ಕಡಿಮೆ ಬಿದ್ದ ಹೂಗಳು ಕಾಯಿ ಕಟ್ಟದೆ ಉದುರಿಹೋಗುತ್ತವೆ. ತಾಯಿಯ ಸಿಪ್ಪೆ ಪೋಲಾಗುವುದಿಲ್ಲ.

ಮೊದಲು ಕೊರೆದ ಕಾಲುವೆ

ಈ ಎಲ್ಲ ಮರಗಳ ಒಳಗೆ ಒಂದೇ ಯಂತ್ರ ಓಡುತ್ತಿದೆ. ತೋಟಕ್ಕೆ ನೀರು ಕಟ್ಟಿದವರಿಗೆ ಅದು ಪರಿಚಿತ. ಎರಡು ಪಾತಿಗೆ ಒಂದೇ ಕಾಲುವೆಯಿಂದ ನೀರು ಬಿಟ್ಟಿದ್ದೀರಿ. ಎರಡು ಬಾಯಿಯೂ ಸಮವಾಗಿವೆ ಎಂದು ನಂಬಿ ಎಲೆಅಡಿಕೆ ಹಾಕಲು ಕೂತಿರಿ. ಎದ್ದು ನೋಡಿದರೆ ನೀರೆಲ್ಲ ಒಂದೇ ಪಾತಿಗೆ. ಒಂದು ಬಾಯಿ ಕೂದಲೆಳೆಯಷ್ಟು ತಗ್ಗಿತ್ತು. ಅದರಲ್ಲಿ ತುಸು ಹೆಚ್ಚು ನೀರು ಹರಿಯಿತು. ಹರಿದ ನೀರು ಮಣ್ಣು ಕೊರೆಯಿತು, ಕೊರೆದದ್ದಕ್ಕೆ ಇನ್ನಷ್ಟು ನೀರು ಬಂತು. ಸಲಿಕೆ ಹಿಡಿದು ಯಾರೂ ಈ ತೀರ್ಮಾನ ಮಾಡಲಿಲ್ಲ.

ಬೀಜದ ಕಥೆಯೂ ಹೀಗೆಯೇ. ಒಂದು ಮೊಗ್ಗಿಗೆ ಪರಾಗ ಗಳಿಗೆ ಮೊದಲು ಮುಟ್ಟಿತು. ಬೆಳೆಯತೊಡಗಿದ್ದು ಹೆಚ್ಚು ಸಕ್ಕರೆ ಎಳೆಯಿತು. ಹೆಚ್ಚು ಎಳೆದದ್ದಕ್ಕೇ ಹೆಚ್ಚು ಬೆಳೆಯಿತು. ಸಿಸ್ಸೂವಿನಂಥ ಕಡೆ ಜೊತೆಗೊಂದು ರಾಸಾಯನಿಕವೂ ಸೇರಿತು. ಸಣ್ಣ ಮುನ್ನಡೆ ತನ್ನನ್ನು ತಾನೇ ಹಿಗ್ಗಿಸಿಕೊಳ್ಳುವ ಇದನ್ನು ನಾನು ‘ಉಬ್ಬುಸುತ್ತು’ ಎಂದು ಕರೆಯುತ್ತೇನೆ. ಸುಬಾಬುಲ್ ಹೊಸ್ತಿಲಿನಲ್ಲಿ ಪರಾಗಗಳು ಒಟ್ಟುಗೂಡಿ ಹುಳಿ ತಗ್ಗಿಸುವುದರಲ್ಲೂ ಇದೇ ಬಗೆಯ ಗುಣವಿದೆ. ಒಂದು ಗಡಿ ದಾಟುವ ತನಕ ಏನೂ ಇಲ್ಲ, ದಾಟಿದೊಡನೆ ಎಲ್ಲವೂ.

ಹೀಗೆ ಬಿಡಿಬಿಡಿಯಾಗಿ ನೋಡಿದರೆ ಸರಳವಾದ, ಕೂಡಿದಾಗ ಯಾರ ಅಪ್ಪಣೆಯೂ ಇಲ್ಲದೆ ಒಂದು ಕ್ರಮ ಮೂಡಿಸುವ ಏರ್ಪಾಟಿಗೆ ವಿಜ್ಞಾನಿಗಳು ಕಾಂಪ್ಲೆಕ್ಸ್ ಸಿಸ್ಟಮ್ ಎನ್ನುತ್ತಾರೆ. ನಮಗೆ ‘ಹೆಣೆದ ವ್ಯವಸ್ಥೆ’ ಎಂಬ ಮಾತು ಸಾಕು. ಗಣೇಶಯ್ಯ ಅವರ ವೃತ್ತಿಜೀವನ ಹೊರನೋಟಕ್ಕೆ ಚದುರಿದಂತೆ ಕಾಣುತ್ತದೆ. ಬೀಜಗಳ ಜಗಳದ ಪಕ್ಕದಲ್ಲೇ, 1991ರಲ್ಲಿ, ಸಾಲು ಹೊರಡುವ ಒಂದು ಜಾತಿಯ ಇರುವೆಯ ದಾರಿ ಕೊಂಬೆಯಂತೆ ಏಕೆ ಕವಲೊಡೆಯುತ್ತದೆ ಎಂಬ ಅಧ್ಯಯನವಿದೆ. ಆಮೇಲೆ ಉಮಾಶಂಕರ್ ಮತ್ತು ಬಳಗದೊಂದಿಗೆ ಪಶ್ಚಿಮಘಟ್ಟದ ಗಿಡಮರಗಳ ‘ಸಸ್ಯ ಸಹ್ಯಾದ್ರಿ’ ಎಂಬ ಡಿಜಿಟಲ್ ಮಾಹಿತಿಕೋಶವಿದೆ. ಕಾಯಿ, ಇರುವೆ, ಘಟ್ಟ: ಮೂರರಲ್ಲೂ ಕೇಳಿದ್ದು ಒಂದನ್ನೇ. ಮೇಸ್ತ್ರಿಯಿಲ್ಲದೆ ಇಷ್ಟು ಅಚ್ಚುಕಟ್ಟು ಹೇಗೆ ಬಂತು?

ಹರಳು ಉದುರುವ ಲೆಕ್ಕ

ಈ ಕಣ್ಣಿನಿಂದ ತೆಂಗಿನ ಮರವನ್ನು ನೋಡಿದರೆ ಅದರ ಮೈಯಲ್ಲಿ ಒಂದರೊಳಗೊಂದು ಪೈಪೋಟಿ ಕಾಣುತ್ತದೆ. ಹೂವಿನೊಳಗೆ ಮೂರು ಮೊಗ್ಗು. ಹೊಂಬಾಳೆಯಲ್ಲಿ ಇಪ್ಪತ್ತು, ಮೂವತ್ತು ಹೆಣ್ಣು ಹೂವು. ಮರದ ತಲೆಯಲ್ಲಿ ತಿಂಗಳಿಗೊಂದರಂತೆ ಮೂಡಿದ, ಬೇರೆಬೇರೆ ವಯಸ್ಸಿನ ಹನ್ನೆರಡರಷ್ಟು ಗೊನೆ. ಎಲ್ಲಕ್ಕೂ ಸಕ್ಕರೆ ಹೋಗಬೇಕಾದದ್ದು ಅದೇ ಗರಿಗಳಿಂದ.

ಹೊಂಬಾಳೆಯ ಮೊದಲ ಚಿಗುರು ಸುಳಿಯೊಳಗೆ ಮೂಡಿದಾಗಿನಿಂದ ಕಾಯಿ ಬಲಿಯುವ ತನಕ ಸುಮಾರು 44 ತಿಂಗಳು ಬೇಕು. ಹೊಂಬಾಳೆ ಹೊರಗೆ ಒಡೆದ ಮೇಲಿನದು ಅದರಲ್ಲಿ ಒಂದೇ ವರ್ಷ. ಮಳೆ ಕೈಕೊಟ್ಟ ವರ್ಷದ ಪೆಟ್ಟು ಮುಂದಿನ ಎರಡು ಮೂರು ವರ್ಷದ ಕಾಯಿ ಮೇಲೂ ಬೀಳುವುದು ಇದರಿಂದಲೇ. ಅಷ್ಟು ಮುಂಚೆ ಮಳೆಯ ಭವಿಷ್ಯ ಮರಕ್ಕೆ ತಿಳಿಯದು. ಅದು ಹೆಚ್ಚು ಹೂವು ಬಿಟ್ಟು, ಆ ಹೊತ್ತಿನಲ್ಲಿ ಸಾಕಲಾಗುವಷ್ಟನ್ನು ಇಟ್ಟುಕೊಂಡು ಮಿಕ್ಕ ಹರಳನ್ನು, ಅಂದರೆ ಎಳೆಯ ಮಿಡಿಗಳನ್ನು, ಉದುರಿಸುತ್ತದೆ. ಎತ್ತರದ ತಳಿಗಳಲ್ಲಿ ಹೆಣ್ಣು ಹೂಗಳ ಅರ್ಧಕ್ಕಿಂತ ಹೆಚ್ಚು ಉದುರುವುದು ಮಾಮೂಲು.

ಬುಡದಲ್ಲಿ ಚೆಲ್ಲಿದ ಹರಳು ಕಂಡು ತನ್ನ ಆರೈಕೆಯಲ್ಲೇ ತಪ್ಪಿದೆ ಎಂದು ಕೊರಗುವ ರೈತರಿಗೆ ನಾನು ಹೇಳಬಯಸುವುದು ಇದನ್ನೇ. ಉದುರಿದ ಪ್ರತಿ ಹರಳೂ ರೋಗದ ಲಕ್ಷಣವಲ್ಲ. ನೀರಿನ ಕೊರತೆ, ಪೋಷಕಾಂಶದ ಕೊರತೆ, ಪರಾಗ ಸಿಗದಿರುವುದು, ತೊಟ್ಟಿನಡಿ ಅಡಗುವ ನುಸಿ, ಇವು ಉದುರುವುದನ್ನು ಹೆಚ್ಚಿಸುತ್ತವೆ. ಅವುಗಳಿಗೆ ಮದ್ದು ಮಾಡಲೇಬೇಕು. ಆದರೆ ಒಂದೂ ಹರಳು ಬೀಳದಂತೆ ಮಾಡುತ್ತೇವೆಂದು ಬಾಟಲಿ ಮಾರುವವರು ಬಂದರೆ ದುಡ್ಡು ಬಿಚ್ಚಬೇಡಿ. ಮರ ಹಾಕಿದ ಲೆಕ್ಕವನ್ನು ಸಿಂಪರಣೆ ಅಳಿಸಲಾರದು. ಗರಿಗೆ ಬಲ ಬಂದರೆ, ಬೇರಿಗೆ ನೀರು ಸಿಕ್ಕರೆ, ಮರ ತಾನೇ ಹೆಚ್ಚು ಕಾಯಿ ಉಳಿಸಿಕೊಳ್ಳುತ್ತದೆ.

ಮೂವರ ಬುತ್ತಿ

ಕೊನೆಗೆ ಮುಚ್ಚಿದ ಕಣ್ಣುಗಳಿಗೆ ಬರೋಣ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿ ನಾವು ತೆಂಗು ಬೆಳೆದಿದ್ದೇವೆ, ಆದರೆ ಅದು ಕಡಲಂಚಿನ ಮರ. ಅದರ ಕಾಯಿ ಉಪ್ಪುನೀರಿನಲ್ಲಿ ತೇಲಿ ಎಲ್ಲೋ ಬರಡು ಮರಳಿನ ಮೇಲೆ ಹತ್ತಬೇಕಿತ್ತು. ಅಲ್ಲಿ ಸಿಹಿನೀರಿಲ್ಲ, ಗೊಬ್ಬರವಿಲ್ಲ. ಸಸಿ ತಿಂಗಳುಗಟ್ಟಲೆ ಬುತ್ತಿ ಬಿಚ್ಚಿಯೇ ಬದುಕಬೇಕು. ಅಂಥ ಪ್ರಯಾಣಕ್ಕೆ ಮೂರು ಸಣ್ಣ ಬುತ್ತಿಗಿಂತ ಒಂದು ದೊಡ್ಡ ಬುತ್ತಿ ಮೇಲು. ಸಿಸ್ಸೂವಿನಲ್ಲಿ ಗೆದ್ದವನ ಲಾಭ ತಾಯಿಗೆ ನಷ್ಟವಾಗಿತ್ತು. ತೆಂಗಿನಲ್ಲಿ ಇಬ್ಬರ ಲೆಕ್ಕವೂ ಒಂದೇ ಕಡೆಗೆ ವಾಲಿದೆ. ಆದ್ದರಿಂದಲೇ ಮೂರಕ್ಕೆ ಒಂದು ಎಂಬುದು ತೆಂಗಿನ ಪದ್ಧತಿಯಾಗಿ ಕೂತಿದೆ. ಒಂದೇ ಕಾಯಿಂದ ಎರಡು ಸಸಿ ಎದ್ದದ್ದನ್ನು ನರ್ಸರಿಯವರು ಎಲ್ಲೋ ಅಪರೂಪಕ್ಕೆ ಕಾಣುತ್ತಾರೆ.

ಆ ಬುತ್ತಿಯನ್ನೇ ನಾವು ಅಟ್ಟಕ್ಕೆ ಏರಿಸುತ್ತೇವೆ. ಬಲಿತ ಕಾಯಿಯನ್ನು ಸುಲಿಯದೆ ವರ್ಷದ ಹತ್ತಿರ ಹತ್ತಿರ ಒಣಗಲು ಬಿಡುತ್ತೇವೆ. ನೀರು ಆರಿ, ತಿರುಳು ಕರಟ ಬಿಟ್ಟು, ಅಲುಗಿಸಿದರೆ ಲೊಟಲೊಟ ಎನ್ನುವಾಗ ಒಡೆದು ಉಂಡೆ ಕೊಬ್ಬರಿ ತೆಗೆಯುತ್ತೇವೆ. ತಿಪಟೂರಿನ ಮಾರುಕಟ್ಟೆಯಿಂದ ಉತ್ತರ ಭಾರತಕ್ಕೆ ಲಾರಿ ಹತ್ತುವ ಆ ಕೊಬ್ಬರಿ ಅಷ್ಟು ದಪ್ಪಗಿರುವುದು ಒಂದೇ ಕೂಸಿಗಾಗಿ ಕಟ್ಟಿದ್ದರಿಂದ. ಮೂವರಿಗೂ ಹಂಚಿದ್ದರೆ ತಾಳೆಹಣ್ಣಿನ ಹಾಗೆ ಮೂರು ಪುಟ್ಟ ತಿರುಳು ಇರುತ್ತಿದ್ದವು. ನಮ್ಮ ಮೂರು ತಾಲ್ಲೂಕುಗಳ ಮನೆ, ಮದುವೆ, ಮಕ್ಕಳ ಫೀಜು ಎಲ್ಲವೂ ನಿಂತಿರುವುದು ಆ ಒಂದು ಆಯ್ಕೆಯ ಮೇಲೆ.

ಮುಂದಿನ ಸಲ ಉಂಡೆ ಕೊಬ್ಬರಿ ಕೈಗೆ ಬಂದಾಗ ಮುರಿಯುವ ಮೊದಲು ಒಮ್ಮೆ ತಿರುಗಿಸಿ ನೋಡಿ. ಕಣ್ಣುಗಳಿದ್ದ ತುದಿಯಲ್ಲಿ, ಮೆತ್ತನೆಯ ಕಣ್ಣಿನ ನೇರಕ್ಕೆ, ಕಡಲೆಕಾಳು ಹಿಡಿಸುವಷ್ಟು ಒಂದು ಗುಳಿ ಇರುತ್ತದೆ. ಕೂಸು ಮಲಗಿದ್ದ ಜಾಗ ಅದು. ಗುಳಿ ಒಂದೇ.